ಮುಂದೆ ನಡೆದ ಇನಾಸಪ್ಪ

ಗೋಕಾಕದ ಕ್ರೈಸ್ತರಲ್ಲಿ ಸತ್ತವರಿಗೆ ಕುಣಿ ತೋಡುತ್ತಿದ್ದವನು ಇನಾಸಪ್ಪ. ಉಳಿದ ದಿನಗಳಲ್ಲಿ ಊರವರ ಗೋಡೆಗೆ ಸುಣ್ಣ ಹಚ್ಚುತ್ತಿದ್ದ. ಅವನು ತೋಡಿದ ಕುಣಿಯ ಬದಿಗಳು ನೆಟ್ಟಗಿರುತ್ತಿದ್ದವು, ತಳ ಅಂಗಳದಂತೆ ಸಮವಾಗಿರುತ್ತಿತ್ತು. ಘಟಪ್ರಭೆಯ ದಂಡೆಯ ಕರಿಮಣ್ಣು ಮಳೆಗಾಲದಲ್ಲಿ ಒಳಗೆ ಕುಸಿಯುತ್ತದೆ. ಅವನ ಕುಣಿ ಕುಸಿದದ್ದನ್ನು ಯಾರೂ ನೋಡಿಲ್ಲ. ಕೆಲಸ ಮುಗಿದ ಮೇಲೆ ಒಂದು ಗಳಿಗೆ ಅದರೊಳಗೆ ತಾನೇ ಮಲಗಿ ಭುಜಕ್ಕೆ ಮಣ್ಣು ತಾಗುತ್ತದೆಯೋ ಎಂದು ನೋಡಿ ಎದ್ದು ಬರುತ್ತಿದ್ದ.

ಅವನ ಹೆಂಡತಿ ಮೂಡಲಗಿಯ ಕಡೆಯವಳು. ಇಗರ್ಜಿಯ ಪುಸ್ತಕದಲ್ಲಿ ಕತರೀನ, ಓಣಿಯಲ್ಲಿ ಕರೆವ್ವ. ಅವರಿಗೆ ಒಬ್ಬಳೇ ಮಗಳು ಹುಟ್ಟಿದ್ದಳು, ಸುಂದ್ರವ್ವ. ನಾಲ್ಕು ವರ್ಷ ಬದುಕಿ ಜ್ವರದಲ್ಲಿ ಹೋದಳು.

ಆಗ ಇಗರ್ಜಿಯಲ್ಲಿ ಒಂದು ಸೋದರ ಸಂಘವಿತ್ತು. ಗಿರಣಿಯ ಕೆಲಸಕ್ಕೆಂದು ಗೋವಾದಿಂದ ಬಂದು ನೆಲೆಸಿದ ಕಾರಕೂನರು, ಅವರ ಮಕ್ಕಳು, ಇಬ್ಬರು ದರ್ಜಿಗಳು, ಒಟ್ಟು ಹದಿನೆಂಟು ಮಂದಿ. ಹಬ್ಬದ ಮೆರವಣಿಗೆಯಲ್ಲಿ ಬಿಳಿ ನಿಲುವಂಗಿಯ ಮೇಲೆ ಮೊಣಕೈವರೆಗಿನ ಕೆಂಪು ಮೇಲಂಗಿ ತೊಟ್ಟು ನಡೆಯುತ್ತಿದ್ದರು. ಸಂಘದವರ ಮನೆಯಲ್ಲಿ ಸಾವಾದರೆ ಇಗರ್ಜಿಯ ಕರಿ ಚಟ್ಟ ಹೊರಗೆ ಬರುತ್ತಿತ್ತು. ನಾಲ್ವರು ಸೋದರರು ಹೆಗಲು ಕೊಡುತ್ತಿದ್ದರು, ಉಳಿದವರು ಮೇಣದ ಬತ್ತಿ ಹಿಡಿದು ಎರಡು ಸಾಲಾಗಿ ಪ್ರಾರ್ಥನೆ ಹೇಳುತ್ತ ನಡೆಯುತ್ತಿದ್ದರು. ಸಂಘದವರಲ್ಲದವರು ತಮ್ಮ ಸತ್ತವರನ್ನು ತಾವೇ ಒಯ್ಯಬೇಕು. ಸುಂದ್ರವ್ವನನ್ನು ಇನಾಸಪ್ಪ ಕಂಬಳಿಯಲ್ಲಿ ಸುತ್ತಿ ಒಂದು ಹೆಗಲ ಮೇಲೆ ಹಾಕಿಕೊಂಡ. ಮಣ್ಣು ಮುಚ್ಚುವ ಸಲಿಕೆಯನ್ನು ಇನ್ನೊಂದು ಹೆಗಲ ಮೇಲೆ. ಕರೆವ್ವ ಹಿಂದಿನಿಂದ ಎರಡನ್ನೂ ನೋಡುತ್ತ ನಡೆದಳು.

"ನನ್ನನ್ನ ಹಂಗ ಒಯ್ಯಬ್ಯಾಡ," ಎಂದಳು ಅಂದು ಸಂಜೆ. ಬೇರೆ ಏನನ್ನೂ ಅವಳು ಗಂಡನನ್ನು ಕೇಳಿದವಳಲ್ಲ.

ಅಂದಿನಿಂದ ಪ್ರತಿ ವರ್ಷ ಸಂತರ ಹಬ್ಬದ ದಿನ ಇನಾಸಪ್ಪ ಸಂಘದ ಅಧ್ಯಕ್ಷ ರೆಬೆಲೊ ಸಾಹೇಬರ ಮುಂದೆ ತಲೆಯ ಪಟಗ ತೆಗೆದು, ಸಂಘಕ್ಕೆ ಸೇರಿಸಿಕೊಳ್ಳಿರೆಂದು ಕೇಳಿ ನಿಲ್ಲುತ್ತಿದ್ದ. ರೆಬೆಲೊ ಗಿರಣಿಯ ಹೆಡ್ ಕಾರಕೂನ. ತೆಳ್ಳಗಿನ ಮನುಷ್ಯ, ಯಾರನ್ನೂ ಗದರಿಸಿದವರಲ್ಲ.

"ಕುಣಿ ತೋಡಾಂವನ ಚಟ್ಟ ಹೊತ್ತರ, ಕುಣಿ ಮುಚ್ಚಾವ್ರು ಯಾರೋ ಇನಾಸಾ? ನಾನೇನು?" ಎನ್ನುತ್ತಿದ್ದರು. ಸುತ್ತಲಿದ್ದವರು ನಗುತ್ತಿದ್ದರು. ಇನಾಸಪ್ಪನೂ ನಕ್ಕು ಬರುತ್ತಿದ್ದ.

ಸಾವಿರದ ಒಂಬೈನೂರ ಐವತ್ನಾಲ್ಕರಲ್ಲಿ ಕರೆವ್ವನ ಎದೆ ಕೆಟ್ಟಿತು. ಇನ್ನು ಮದ್ದಿಲ್ಲ, ಅವಳು ಬೇಡಿದ್ದು ತಿನ್ನಿಸು ಎಂದು ದವಾಖಾನೆಯವರು ಹೇಳಿ ಕಳಿಸಿದರು. ಅದೇ ವರ್ಷ ಪೋರ್ತುಗೀಜರು ಗೋವಾ ಬಿಡಬೇಕೆಂಬ ಗದ್ದಲವೂ ಬಿಸಿಯೇರಿತ್ತು. ಸಂತೆಯಲ್ಲಿ ಕಂಡವರು ರೆಬೆಲೊ ಸಾಹೇಬರನ್ನು ನಿಲ್ಲಿಸಿ, "ಏನ್ರಿ, ನೀವು ಯಾರ ಕಡೀಯವ್ರು? ನಮ್ಮ ಕಡೀಗೋ, ನಿಮ್ಮ ಕಡೀಗೋ?" ಎಂದು ಕೇಳತೊಡಗಿದರು. ಉತ್ತರವಾಗಿ ಅವರು ಒಂದು ನಿರ್ಧಾರ ಮಾಡಿದರು. ಆಗಸ್ಟ್ ಹದಿನೈದರ ಊರ ಮೆರವಣಿಗೆಯಲ್ಲಿ ಸೋದರ ಸಂಘ ನಡೆಯುವುದು. ಕಚೇರಿಯ ಮೈದಾನದಲ್ಲಿ ತಾಲೂಕಿನ ಮಾಮಲೇದಾರರು ಪ್ರತಿ ಸಂಘದ ಮುಖ್ಯಸ್ಥರಿಗೆ ಹಾರ ಹಾಕುವರು. ಆ ಹಾರ ಒಮ್ಮೆ ಕೊರಳಿಗೆ ಬಿದ್ದರೆ ಸಂತೆಯವರ ಬಾಯಿ ಮುಚ್ಚುತ್ತದೆಂದು ಅವರು ನಂಬಿದ್ದರು.

ಸಂಘದ ನಿಶಾನಿ ಭಾರ. ಒಂಬತ್ತು ಅಡಿ ಕೋಲು, ಮಖಮಲ್ಲಿನ ಬಟ್ಟೆ. ಎಲ್ಲರಿಗಿಂತ ಕಡೆಗೆ ಸಂಘ ಸೇರಿದವನು ಅದನ್ನು ಹೊತ್ತು ಎಲ್ಲರ ಮುಂದೆ ನಡೆಯುವುದು ಪದ್ಧತಿ. ಆ ವರ್ಷ ಕಡೆಯವನು ಕೈ ಉಳುಕಿದೆ ಎಂದ, ಅವನ ಮೇಲಿನವನು ಜ್ವರ ಎಂದ. ಮುಂದೆ ನಡೆದವನಿಗೇ ಮೊದಲ ಕಲ್ಲು ಬೀಳುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ರೆಬೆಲೊ ಸಾಹೇಬರು ಇನಾಸಪ್ಪನಿಗೆ ಹೇಳಿ ಕಳಿಸಿದರು.

"ನಿಶಾನಿ ಹಿಡೀತೀಯೇನು?"

"ಹಿಡೀತೇನ್ರಿ. ಆದ್ರ ಸಂಘದಾಂವ ಅಲ್ಲಲ್ರಿ ನಾ."

"ಹಿಡದಾಂವ ಸಂಘದಾಂವ. ಅಂಗಿ ಕೊಡಸ್ತೇನಿ."

"ಹಂಗಾರ ನನ್ನ ಮನಿಯಾಕಿಗೂ ಚಟ್ಟ ಬರತೈತೇನ್ರಿ?"

"ಸೋದರನ ಹೇಂತಿಗೆ ಬರಲಾರದ ಏನು?"

ಆ ದಿನ ಭಾನುವಾರ, ಮಾತೆಯ ಹಬ್ಬವೂ ಹೌದು. ಬೆಳಗಿನ ಪ್ರಾರ್ಥನೆ ಮುಗಿಸಿ ಸಂಘದವರು ಸಾಲು ಹಿಡಿದರು. ರೆಬೆಲೊ ಸಾಹೇಬರೇ ಒಬ್ಬೊಬ್ಬರನ್ನೂ ತೋಳು ಹಿಡಿದು ನಿಲ್ಲಿಸಿದರು. ಇಗರ್ಜಿಯ ಮೆರವಣಿಗೆಯಲ್ಲಿ ಸಣ್ಣವರು ಮುಂದೆ, ಹಿರಿಯರು ಹಿಂದೆ, ಎಲ್ಲರಿಗಿಂತ ದೊಡ್ಡವನು ಎಲ್ಲರಿಗಿಂತ ಕಡೆಗೆ. ಮೂವತ್ತು ವರ್ಷ ಹಾಗೆ ನಡೆದವರು. ಕಚೇರಿಯ ಮೈದಾನದಲ್ಲಿ ಬೇರೆ ಲೆಕ್ಕ ನಡೆಯಬಹುದೆಂದು ಹದಿನೆಂಟು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇನಾಸಪ್ಪನಿಗೆ ಕೊಟ್ಟ ಮೇಲಂಗಿ ಗಿಡ್ಡವಾಗಿತ್ತು. ನಿಶಾನಿಯ ಬುಡವನ್ನು ಹೊಟ್ಟೆಗೆ ಒತ್ತಿಕೊಂಡು ನಡೆದ. ಹಿಂದೆ ಸಾಲಿ ಮಕ್ಕಳ ಲೇಜಿಮು, ಮುಂದೆ ಗೊಂಬೆ ಮಾಡುವ ಚಿತ್ರಗಾರರ ಬಂಡಿ. ಕಲ್ಲು ಬೀಳಲಿಲ್ಲ. ಮಾತು ಬಿದ್ದವು.

"ಟೇಸನ್ನಿನ ಕೆಂಪಂಗಿ ಹಮಾಲರಿಗೂ ಸಂಘ ಆಗೇತೇನಪಾ?"

"ಹಮಾಲರಲ್ಲೋ, ಪೋರ್ತುಗೀಜರ ಫೌಜು. ತೋಪು ಹಿಂದ ಬರಾಕತ್ತಿರಬೇಕು."

"ಮುಂದಿನಾಂವ ನಮ್ಮ ಸುಣ್ಣದ ಇನಾಸ ಅಲಾ? ಏ ಇನಾಸಾ, ನನ್ನ ಹಿತ್ತಲ ಗ್ವಾಡಿ ಅರ್ಧಾ ಬಿಟ್ಟು ಯಾವ ರಾಜ್ಯಾ ಗೆಲ್ಲಾಕ ಹೊಂಟಿ?"

ಇನಾಸಪ್ಪ ತಿರುಗಲಿಲ್ಲ. ಗಾಳಿಗೆ ನಿಶಾನಿ ಎಳೆಯುತ್ತಿತ್ತು. ಒಂದೊಂದು ಹೆಜ್ಜೆಗೂ ಅವನು ಕರಿ ಚಟ್ಟವನ್ನೇ ನೆನೆಯುತ್ತಿದ್ದನೆಂದು ಆಮೇಲೆ ಹೆಂಡತಿಗೆ ಹೇಳಿದ.

ಮೈದಾನದಲ್ಲಿ ಮಾಮಲೇದಾರರು ಹುಕ್ಕೇರಿಯಿಂದ ಹೊಸದಾಗಿ ಬಂದವರು. ಸಂಘ ಎದುರು ಬಂದಾಗ ಮುಂದಿದ್ದವನ ಕೊರಳಿಗೆ ಹಾರ ಎತ್ತಿದರು.

"ನಾ ಅಲ್ರಿ ಸಾಹೇಬ್ರ," ಎಂದ ಇನಾಸಪ್ಪ. ಎರಡೂ ಕೈಯಲ್ಲಿ ನಿಶಾನಿ, ತಡೆಯಲು ಕೈ ಇರಲಿಲ್ಲ. "ದೊಡ್ಡವ್ರು ಹಿಂದ ಅದಾರ್ರಿ. ಕಡೀಕ."

"ಕಡೀಕ ನಿಂತಾವ್ರು ಹ್ಯಾಂಗ ದೊಡ್ಡವ್ರಾಗ್ತಾರೋ ಮಾರಾಯಾ?" ಎಂದರು ಮಾಮಲೇದಾರರು. ಸುತ್ತಲಿನ ಜನ ನಕ್ಕರು. ಹಾರ ಬಿತ್ತು. ಸೇವಾದಳದವನು ಭುಜ ತಟ್ಟಿ ಮುಂದೆ ನೂಕಿದ. ಸಂಘದವರು ಒಬ್ಬೊಬ್ಬರಾಗಿ ದಾಟಿ, ಕಡೆಗೆ ರೆಬೆಲೊ ಸಾಹೇಬರು ವೇದಿಕೆಯ ಎದುರು ಬಂದು ಕೈ ಜೋಡಿಸಿ ತಲೆ ಬಾಗಿಸಿದರು. ಮಾಮಲೇದಾರರು ಅಷ್ಟರಲ್ಲಿ ಲೇಜಿಮಿನ ಮಾಸ್ತರರ ಕಡೆ ತಿರುಗಿದ್ದರು. ಬಾಗಿಸಿದ ತಲೆಯನ್ನು ರೆಬೆಲೊ ಅವರೇ ಎತ್ತಿಕೊಳ್ಳಬೇಕಾಯಿತು.

"ಇಂವ ಯಾರು?" ಎಂದು ಗುಂಪಿನಲ್ಲಿ ಒಬ್ಬ ಕೇಳಿದ.

"ಯಾರೋ ಹಿಂಬಾಲದಾಂವ," ಎಂದ ಇನ್ನೊಬ್ಬ.

ಇಗರ್ಜಿಗೆ ಮರಳಿದ ಮೇಲೆ ಇನಾಸಪ್ಪ ಹಾರ ತೆಗೆದು ಎರಡೂ ಅಂಗೈಯಲ್ಲಿ ಹಿಡಿದು ರೆಬೆಲೊ ಸಾಹೇಬರ ಮುಂದೆ ನಿಂತ. "ತಪ್ಪಾತ್ರಿ. ನಿಮ್ಮದಿದು."

"ಛೇ, ನಿನಗ ಛೊಲೊ ಒಪ್ಪೇತಿ. ಮನೀಗೆ ಒಯ್ಯಿ," ಎಂದರು ಅವರು. "ಅಂಗಿ ಅಷ್ಟ ಕೊಡು. ತೊಳಸ್ತೇನಿ."

ಮನೆಯಲ್ಲಿ ಕರೆವ್ವ ಹಾರವನ್ನು ಎದೆಯ ಮೇಲೆ ಇಟ್ಟುಕೊಂಡು ಮೂಸಿದಳು. ಮಾಮಲೇದಾರ ಅಂದದ್ದನ್ನು ಮತ್ತೆ ಮತ್ತೆ ಹೇಳಿಸಿ ಕೆಮ್ಮು ಬರುವ ತನಕ ನಕ್ಕಳು. ಆಮೇಲೆ ಕೇಳಿದಳು: "ಖರೇನ ನಾಕು ಮಂದಿ ಬರ್ತಾರ?"

"ಹದಿನೆಂಟೂ ಮಂದಿ ಬರ್ತಾರ. ಬತ್ತಿ ಹಿಡಕೊಂಡು."

ಹದಿನೆಂಟು ದಿನಗಳ ನಂತರ ಬೆಳಗಿನ ಜಾವ ಅವಳು ತೀರಿಕೊಂಡಳು. ಇನಾಸಪ್ಪ ಮೊದಲು ಕುಣಿ ತೋಡಿದ, ಮಗಳ ಪಕ್ಕದಲ್ಲಿ. ಆಮೇಲೆ ಕೈಕಾಲು ತೊಳೆದು ರೆಬೆಲೊ ಸಾಹೇಬರ ಮನೆಗೆ ಹೋದ. ಬೆಳಗಾವಿಯ ಪಾದ್ರಿಗಳು ತಿಂಗಳಿಗೊಮ್ಮೆ ಬರುವವರು. ಇಗರ್ಜಿಯ ಕೀಲಿ ರೆಬೆಲೊ ಸಾಹೇಬರಲ್ಲೇ ಇರುತ್ತಿತ್ತು. ಅವರು ಪಡಸಾಲೆಯಲ್ಲಿ ಚಹಾದಲ್ಲಿ ಪಾವು ಅದ್ದಿ ತಿನ್ನುತ್ತಿದ್ದರು. ಸುದ್ದಿ ಕೇಳಿ ಪಾವು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು.

"ಚಟ್ಟ ಬೇಕಿತ್ರಿ," ಎಂದ ಇನಾಸಪ್ಪ. "ಸೋದರರೂ."

"ಸಂಘದ ಪುಸ್ತಕದಾಗ ನಿನ್ನ ಹೆಸರಿಲ್ಲಲ್ಲೋ. ಹೆಸರು ಹಚ್ಚೂದು ಸಂತರ ಹಬ್ಬದ ದಿನ."

"ನಿಶಾನಿ ಹಿಡದಾಂವ ಸಂಘದಾಂವ ಅಂದಿದ್ರಿ."

"ದೇವರ ಮೆರವಣಿಗ್ಯಾಗ. ಅದು ಸರಕಾರದ್ದು." ಅವರ ದನಿ ಏರಲಿಲ್ಲ. "ಅಲ್ಲಿ ನೀನ ಅಧ್ಯಕ್ಷ ಆಗಿದ್ದಿ. ಇಡೀ ಊರು ನೋಡೇತಿ. ನಿನ್ನ ಸಂಘಾ ಕರಕೊಂಡು ಬಾ, ಹೊರತಾರ."

ಇನಾಸಪ್ಪ ಹೊಸ್ತಿಲಾಚೆ ಮೊಣಕಾಲೂರಿದ. "ನನ್ನ ಹೆಸರು ಎಂದೂ ಹಚ್ಚಬ್ಯಾಡ್ರಿ. ಇದೊಂದು ಸಲ. ಅಕೀಗಿ ಮಾತು ಕೊಟ್ಟೇನ್ರಿ."

"ಕೊಡಬಾರದಿತ್ತು," ಎಂದರು ರೆಬೆಲೊ. "ಏಳು. ಬಿಸಲೇರತೈತಿ. ಹೆಣಾ ಇಟ್ಟುಕೊಂಡು ಕುಂಡರಬಾರದು." ತಟ್ಟೆಯಲ್ಲಿದ್ದ ಪಾವು ಮತ್ತೆ ಕೈಗೆ ಬಂತು.

ಮೂಡಲಗಿಗೆ ಹೇಳಿ ಕಳಿಸಿದ್ದರೂ ಕರೆವ್ವನ ತಮ್ಮ ಕರೆಪ್ಪ ಮುಟ್ಟುವುದು ಮಧ್ಯಾಹ್ನದ ಮೇಲೆ. ಓಣಿಯ ಗಂಡಸರು ಗಿರಣಿಗೆ ಹೋಗಿದ್ದರು. ರೆಬೆಲೊ ಸಾಹೇಬರ ಕೈಕೆಳಗಿನವರು, ಸಾಹೇಬರು ಒಲ್ಲೆನೆಂದ ಸುದ್ದಿ ಗೊತ್ತಾದ ಮೇಲೆ ರಜೆ ಕೇಳುವ ಧೈರ್ಯ ಮಾಡಲಿಲ್ಲ. ಗೋಡೆ ಕಟ್ಟುವ ಗೌಂಡಿ ಶೆಟ್ಟೆಪ್ಪ ಒಬ್ಬ ಬಂದ. ಅವನ ಮುದುಕ ತಂದೆ ಬಂದ. ಇಬ್ಬರೂ ಮಲ್ಲಯ್ಯ ದೇವರ ಒಕ್ಕಲು, ಕ್ರೈಸ್ತರ ಪದ್ಧತಿ ಗೊತ್ತಿಲ್ಲದವರು. ಕರೆವ್ವನನ್ನು ಮಲಗಿಸಿದ್ದ ಹಗ್ಗದ ಹೊರಸಿನ ಹಿಂಬದಿಯನ್ನು ಅವರು ಹಿಡಿದರು. ಮುಂಬದಿಯ ಎರಡೂ ಕಾಲುಗಳಿಗೆ ಹಗ್ಗ ಬಿಗಿದು, ಹಗ್ಗವನ್ನು ಕತ್ತಿಗೆ ಹಾಕಿಕೊಂಡು ಇನಾಸಪ್ಪ ಒಬ್ಬನೇ ಎತ್ತಿದ.

"ಏನರೆ ಅನ್ನಬೇಕೇನೋ ಹೋಗೂ ಮುಂದ?" ಎಂದು ಶೆಟ್ಟೆಪ್ಪ ಕೇಳಿದ.

"ಏನೂ ಬ್ಯಾಡ. ಕಾಲ ಕೆಳಗ ನೋಡಕೋತ ಬಾ."

ಸ್ಮಶಾನಕ್ಕೆ ರೆಬೆಲೊ ಸಾಹೇಬರ ಮನೆಯ ಮುಂದಿನಿಂದಲೇ ದಾರಿ. ಅವರು ಗಿರಣಿಗೆ ಹೊರಟು ಕಟ್ಟೆ ಇಳಿಯುತ್ತಿದ್ದರು. ಹೊರಸು ಬರುವುದನ್ನು ಕಂಡು ಬದಿಗೆ ಸರಿದು, ಟೊಪ್ಪಿಗೆ ತೆಗೆದು ಎದೆಗೆ ಹಿಡಿದು, ಅದು ದಾಟುವ ತನಕ ತಲೆ ತಗ್ಗಿಸಿ ನಿಂತರು. ಮರ್ಯಾದೆಯಲ್ಲಿ ಒಂದಿಷ್ಟೂ ಕೊರತೆ ಮಾಡಲಿಲ್ಲ.

ಕುಣಿಯ ಹತ್ತಿರ ಹೊರಸು ಇಳಿಸಿದಾಗ ಹಗ್ಗ ಇನಾಸಪ್ಪನ ಕತ್ತಿನ ಚರ್ಮ ಕಿತ್ತಿತ್ತು. ಅವನು ಒಳಗಿಳಿದು ಹೆಂಡತಿಯನ್ನು ತೋಳಲ್ಲಿ ತೆಗೆದುಕೊಂಡು ಮಲಗಿಸಿದ. ಮೇಲೆ ಬಂದು ಕೈ ಚಾಚಿದ. ಮುದುಕ ಸಲಿಕೆಯನ್ನು ಹಿಂದಕ್ಕೆ ಹಿಡಿದು, "ಗಂಡ ಮುಚ್ಚಬಾರದೋ ತಮ್ಮಾ, ಬಿಡು ನಾವು ಮಾಡ್ತೇವಿ," ಎಂದ.

"ನಿಮಗ ಬರಂಗಿಲ್ಲ ಬಿಡ್ರಿ ಯಜ್ಜಾರ," ಎಂದ ಇನಾಸಪ್ಪ. "ಮಣ್ಣಿನ ಹೆಂಟಿ ಎದಿ ಮ್ಯಾಲ ಬೀಳತಾವು." ಸಲಿಕೆ ಇಸಕೊಂಡು, ಕಾಲಿನ ಕಡೆಯಿಂದ, ಸಣ್ಣ ಮಣ್ಣನ್ನಷ್ಟೇ ಆರಿಸಿ ಹಾಕತೊಡಗಿದ.