ಕಬ್ಬಿನ ಹೊಲವಾದ ರೊಟ್ಟಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ನಾವು ಜೈನರು. ರಾಯಬಾಗದ ಹತ್ತಿರ ತೋಟದಲ್ಲೇ ಮನೆ, ಸುತ್ತ ಕಬ್ಬು. ಸೂರ್ಯ ಕಬ್ಬಿನ ಹಿಂದೆ ಇಳಿದನೆಂದರೆ ಅಡುಗೆಮನೆ ಬಂದ್. ಬೇರೆ ಮನೆಗಳಲ್ಲಿ ಮಕ್ಕಳಿಗೆ ವಿನಾಯಿತಿ ಇರುತ್ತಿತ್ತು. ನಮ್ಮ ಅಪ್ಪನ ಹತ್ತಿರ ಅದು ನಡೆಯುತ್ತಿರಲಿಲ್ಲ.

ನನಗೋ ಕಥೆ ಇಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಸಂಜೆಯಾದರೆ ಆಯಿ ಕಥೆ ಹೇಳಬೇಕು, ನಾನು ಬಾಯಿ ತೆರೆಯಬೇಕು. "ಕಥೀ ಅಂದ್ರ ಶೇಂಗಾ ಹಿಂಡಿ ಇದ್ದಂಗ. ರೊಟ್ಟಿಗೆ ಹಚ್ಚಿಕೊಂಡು ತಿನಬೇಕು, ಬರೇ ಹಿಂಡಿ ಮುಕ್ಕಬಾರದು" ಎಂದು ಗದರುತ್ತಿದ್ದಳು. ಹಿಂಡಿ ಎಂದರೆ ಚಟ್ನಿಪುಡಿ. ನಾನು ಬರೀ ಹಿಂಡಿ ಮುಕ್ಕುವವನೇ ಆಗಿದ್ದೆ.

ಭಾದ್ರಪದದ ಪರ್ವದಲ್ಲಿ ಒಂದು ದಿನ ಆಯಿ ಉಪವಾಸದ ಜೊತೆಗೆ ಮೌನವನ್ನೂ ಹಿಡಿದಳು. ಮರುದಿನ ಬೆಳಗ್ಗೆ ಬಸದಿಗೆ ಹೋಗಿ, ದೇವರ ಹೆಸರು ಹೇಳಿಯೇ ಮೌನ ಬಿಡಬೇಕು. ಅದರಿಂದ ನನಗೇನು ತೊಂದರೆ ಎಂಬುದು ಸಂಜೆಯ ತನಕ ನನಗೆ ಹೊಳೆದಿರಲಿಲ್ಲ.

ಮಳೆ ಹೊಯ್ದು ನಿಂತಿತ್ತು. ಹಸಿ ಕಬ್ಬಿನ ವಾಸನೆ, ಒಲೆಯ ಹೊಗೆ, ಸುಟ್ಟ ಜೋಳದ ಕಂಪು ಎಲ್ಲ ಒಟ್ಟಿಗೇ ಮೂಗಿಗೆ ಬರುತ್ತಿದ್ದವು. ಅವ್ವ ತಾಟಿನಲ್ಲಿ ರೊಟ್ಟಿ, ಬೇಳೆ, ಬೆಲ್ಲ, ಒಂದು ಹುರಿದ ಮೆಣಸಿನಕಾಯಿ ಇಟ್ಟಳು. "ಆಯಿ, ಕಥೀ" ಎಂದೆ. ಆಯಿ ತುಟಿಯ ಮೇಲೆ ಬೆರಳಿಟ್ಟಳು. ಅಕ್ಕ ಒಂದು ಕಥೆ ಶುರು ಮಾಡಿ, ಎರಡನೇ ಮಾತಿಗೇ ರಾಜನನ್ನು ಸಾಯಿಸಿಬಿಟ್ಟಳು. ನಾನು ತಾಟು ದೂಡಿದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ಮೋಡ ನೋಡಿ, "ಹೊತ್ತು ಮುಳುಗಾಕತ್ತೈತಿ. ಉಂಡ್ರ ಉಣ್ಣು, ಇಲ್ಲಂದ್ರ ಹಂಗ ಮಲಗು" ಎಂದ.

ಆಗ ಆಯಿ ನನ್ನ ಮುಂದೆ ಬಂದು ಕೂತಳು. ಬೆಲ್ಲದ ಚೂರನ್ನು ತಾಟಿನ ಅಂಚಿಗಿಟ್ಟು, ತನ್ನ ತಲೆಯ ಮೇಲೆ ಎರಡು ಬೆರಳನ್ನು ಕೊಂಬಿನಂತೆ ಎತ್ತಿದಳು. ಅದು ಆಡಿನ ಮರಿ! ಬೇಳೆ ಹಳ್ಳವಾಯಿತು. ಕೆಂಪು ಮೆಣಸಿನಕಾಯಿ ಹಲ್ಲು ಕಿರಿದು ಬಂದ ತೋಳ. ಗಾಬರಿಯಲ್ಲಿ ನಾನು ಹಳ್ಳವನ್ನೆಲ್ಲ ಕುಡಿದು ಬತ್ತಿಸಿದೆ. ಅದರಿಂದ ತೋಳಕ್ಕೇ ದಾರಿ ಸಲೀಸಾಯಿತು. ಆಯಿ ಹೊರಗಿನ ಕಬ್ಬು ತೋರಿಸಿದಳು, ಆಮೇಲೆ ರೊಟ್ಟಿ ತೋರಿಸಿದಳು, ಮರಿಯನ್ನು ತಟ್ಟನೆ ಅದರ ಕೆಳಗೆ ಬಚ್ಚಿಟ್ಟಳು. ಇನ್ನು ತಿನ್ನು ಎಂದು ಕೈಸನ್ನೆ ಮಾಡಿದಳು. ರೊಟ್ಟಿ ಮುಗಿದರೆ ಬೆಲ್ಲ ಸಿಗುತ್ತದೆ ಎಂಬುದು ಅವಳ ಲೆಕ್ಕ.

ನಾನು ಎರಡೂ ಕೈಯಿಂದ ರೊಟ್ಟಿ ಮುಚ್ಚಿ ಕೂತೆ. "ತಿನ್ನೋ ಲೇ" ಎಂದ ಅಪ್ಪ.

"ಕಬ್ಬು ತಿಂದ್ರ ಮರಿ ಕಾಣ್ತೈತಿ. ತ್ವಾಳ ಹಿಡೀತೈತಿ."

"ಹಂಗಾದ್ರ ತ್ವಾಳನ್ನ ತಿಂದುಬಿಡು" ಎಂದಳು ಅಕ್ಕ. ಅಷ್ಟು ಖಾರ ತಿನ್ನುವ ಧೈರ್ಯ ನನಗಿರಲಿಲ್ಲ.

ಆಯಿಯ ಬಾಯಿ ಒಮ್ಮೆ ತೆರೆಯಿತು. ತೋಳ ಹೋಯಿತು ಎಂದು ಅವಳು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ, ಬಾಯಿ ಮುಚ್ಚಿಕೊಂಡಳು. ಅಂಗಳ ಕಪ್ಪಾಯಿತು, ಅವ್ವ ತಾಟು ಎತ್ತಿದಳು. ನಾನು ಹಸಿದೇ ಮಲಗಿದೆ. ಅತ್ತದ್ದು ಮಾತ್ರ ಮರಿಗಾಗಿ.

ಬೆಳಗ್ಗೆ ಕಣ್ಣು ಬಿಟ್ಟಾಗ ಆಯಿ ಸ್ನಾನ ಮಾಡಿ, ಬಸದಿಗೆ ಹೊರಟವಳು, ನನ್ನ ಹಾಸಿಗೆಯ ಪಕ್ಕ ಕೂತಿದ್ದಳು. "ಮರಿ ಮನಿಗಿ ಬಂತೋ ಮಗಾ. ತ್ವಾಳ ಹೋತು. ಏಳು, ಉಣ್ಣು" ಎಂದಳು. ದೇವರಿಗೆ ಸೇರಬೇಕಾಗಿದ್ದ ಮೊದಲ ಮಾತು ಹೀಗೆ ಆಡಿನ ಮರಿಗೆ ಹೋಯಿತು. ಅವಳು ಏನು ಬಿಟ್ಟುಕೊಟ್ಟಳೆಂದು ನನಗೆ ಅಂದು ತಿಳಿಯಲಿಲ್ಲ.

ನನ್ನ ಮೊಮ್ಮಕ್ಕಳು ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿಕೊಂಡು ಟ್ಯೂಬ್‌ಲೈಟಿನ ಕೆಳಗೆ ಉಣ್ಣುತ್ತಾರೆ. ಅದರಲ್ಲೂ ಕಥೆಗಳಿವೆ, ಒಳ್ಳೆಯವೂ ಇವೆ. ಇವರು ಉಂಡರೋ ಬಿಟ್ಟರೋ ಆ ಕಥೆಗಳಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಕಥೆ ಎಂದರೆ ಕಿಟಕಿ, ಕಥೆ ಎಂದರೆ ದೀಪ ಎಂದು ಮೊಮ್ಮಗಳ ಶಾಲೆಯಲ್ಲಿ ಬರೆಸಿದ್ದಾರೆ. ಇರಬಹುದು. ನನಗೆ ಮಾತ್ರ ಕಥೆ ಎಂದರೆ ಕಬ್ಬಿನ ಹೊಲ. ಹೆದರಿದ ಸಣ್ಣ ಜೀವ ಅದರೊಳಗೆ ಹೊಕ್ಕರೆ ಹೊರಗಿನವರಿಗೆ ಕಾಣುವುದಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮೊಮ್ಮಗಳು ಮೊಬೈಲ್ ಬೋರಲು ಹಾಕಿ ಕೇಳಿದಳು: "ಅಜ್ಜಾ, ಹಂಗಾದ್ರ ಆ ತ್ವಾಳ ಅವತ್ತ ಏನ ಉಂಡಿತು?"

ಇಷ್ಟು ವರ್ಷ ಮರಿಯನ್ನಷ್ಟೇ ಕಾದುಕೊಂಡು ಬಂದ ನನಗೆ, ತೋಳವೂ ಅವತ್ತು ನನ್ನಂತೆ ಹಸಿದೇ ಮಲಗಿತ್ತು ಎಂಬುದು ಹೊಳೆದೇ ಇರಲಿಲ್ಲ.