ಗೀರಪ್ಪ ಒಪ್ಪಿಕೊಂಡ ಗೀರು

ಗೀರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ನಾವು ಇಟ್ಟದ್ದು. ಗ್ಯಾರೇಜಿನ ನಾವು ಹನ್ನೆರಡು ಜನ ಮುಷ್ಕರಕ್ಕೆ ಕೂತಿದ್ದಾಗ ಮಾಲೀಕನ ಹೊಸ ಕಾರಿನ ಎಡಮಗ್ಗುಲಿಗೆ, ಮುಂದಿನ ಬಾಗಿಲಿನಿಂದ ಹಿಂದಿನ ದೀಪದ ತನಕ, ಮೊಳೆಯಿಂದ ಗೀರು ಎಳೆದವನು ಅವನೇ ಎಂದು ತಪ್ಪೊಪ್ಪಿಗೆಯ ಕಾಗದದಲ್ಲಿದೆ. ಕೆಳಗೆ ಅವನದೇ ಸಹಿ ಇದೆ.

ಎಳೆದವನು ಅವನಲ್ಲ. ಮುಷ್ಕರದ ಹತ್ತೊಂಬತ್ತನೇ ದಿನ ನಮ್ಮ ಲೀಡರ್ ಮಾಲೀಕನ ಮನೆಯಿಂದ ಬಂದವನೇ, "ಯಾರೋ ಕಾರಿಗೆ ಗೀರಿದಾರೆ. ಗೀರನ್ನ ನಾನೇ ಕಣ್ಣಾರೆ ನೋಡ್ದೆ. ಒಬ್ಬನ ಹೆಸರು ಕೊಟ್ರೆ ಉಳಿದೋರನ್ನ ನಾಳೆನೇ ಒಳಗೆ ತಗೋತಾರಂತೆ" ಅಂದ. ಎಲ್ಲರೂ ನೆಲ ನೋಡಿದೆವು. ಲೀಡರ್ ಗೀರಪ್ಪನ ಹೆಗಲಿಗೆ ಕೈ ಹಾಕಿ ಗೋಡೆಯ ಮರೆಗೆ ಕರೆದೊಯ್ದ. ಮಾತು ನಮಗೂ ಕೇಳಿಸುತ್ತಿತ್ತು. "ನೀನು ಒಪ್ಕೊಂಡುಬಿಡೋ. ಎರಡೇ ತಿಂಗಳು, ನಾನು ವಾಪಸ್ ಕರೆಸ್ತೀನಿ. ಹೆಂಡ್ತಿ ಹತ್ರನೂ ಬಾಯಿ ಬಿಡ್ಬೇಡ." ಇವನು ಒಪ್ಪಿದ. ನಾವು ಮಾರನೇ ದಿನ ಕೈ ತೊಳೆದುಕೊಂಡು ಕೆಲಸಕ್ಕೆ ಹೋದೆವು.

ಆ ಎರಡು ತಿಂಗಳು ಹದಿನಾಲ್ಕು ವರ್ಷವಾಯಿತು. ಲೀಡರ್ ಸೂಪರ್‌ವೈಸರ್ ಆದ, ಮಾಲೀಕನ ಬಲಗೈ ಆದ. ಗೀರಪ್ಪ ಮನೆಮನೆಗೆ ಹೋಗಿ ಕಾರಿನ ಗೀರು ಮುಚ್ಚುವವನಾದ. ಒಂದು ಚೀಲ, ಅದರಲ್ಲಿ ನೀರು ಹಾಕಿ ಉಜ್ಜುವ ವಾಟರ್ ಪೇಪರ್, ತಗ್ಗು ತುಂಬುವ ಪುಟ್ಟಿ, ಸಣ್ಣ ಸಣ್ಣ ಬಣ್ಣದ ಡಬ್ಬಿ, ತೆಳು ಬ್ರಷ್ಷು. ಗೀರು ನೋಡಿದರೆ ಸಾಕು, ಅದರ ಜಾತಕ ಹೇಳುತ್ತಾನೆ. "ಇದು ಗೇಟು. ಇದು ಸೈಕಲ್ ಹ್ಯಾಂಡಲ್. ಇದು ಬೀಗದ ಕೈ ಕಣ್ರೀ, ಯಾರೋ ನಿಮ್ಮನ್ನ ನೋಡಿ ಹೊಟ್ಟೆ ಉರ್ಕೊಂಡಿದಾರೆ." ಬಣ್ಣ ಬೆರೆಸಿ ಒಂದು ರಟ್ಟಿಗೆ ಬಳಿದು, ಅದು ಪೂರ್ತಿ ಒಣಗಿದ ಮೇಲೆ ಬಾಗಿಲ ಪಕ್ಕ ಬಿಸಿಲಿಗೆ ಹಿಡಿದು ನೋಡುತ್ತಾನೆ. ಹಸಿ ಬಣ್ಣವನ್ನು ಅವನು ನಂಬುವುದಿಲ್ಲ. ಮನುಷ್ಯರನ್ನು ಮಾತ್ರ ಹಸಿಯಾಗಿರುವಾಗಲೇ ನಂಬಿಬಿಡುವ ಆಸಾಮಿ.

ಹೆಂಡತಿ ಬಟ್ಟೆ ಹೊಲಿದು ಸಂಸಾರಕ್ಕೆ ಹೆಗಲು ಕೊಟ್ಟಳು. ಸಿಟ್ಟು ಬಂದಾಗಲೆಲ್ಲ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ತನ್ನ ಅನ್ನಕ್ಕೆ ತಾನೇ ಮೊಳೆ ಹೊಡ್ಕೊಂಡ ಮಹಾನುಭಾವ್ರು." ಅವನು ತಲೆ ತಗ್ಗಿಸಿ ತುತ್ತು ನುಂಗುತ್ತಿದ್ದ.

ಹೋದ ತಿಂಗಳು ಲೀಡರ್ ಫೋನ್ ಮಾಡಿದ. "ಲೋ ಗೀರಪ್ಪ, ನಮ್ಮವಳು ಕಾರನ್ನ ಗೇಟಿಗೆ ಉಜ್ಜಿದಾಳೆ. ಬಂದು ಟಚಪ್ ಮಾಡ್ಕೊಡು ಮಾರಾಯ."

ಹೋಗಿ ನೋಡಿದರೆ ಅದೇ ಕಾರು. ಮಾಲೀಕ ಹೊಸದು ತಗೊಂಡು ಹಳೆಯದನ್ನು ಲೀಡರಿಗೆ ದಾಟಿಸಿದ್ದ. ಗೇಟು ಉಜ್ಜಿದ್ದು ಎಡಗಡೆಯ ಹಿಂಬಾಗಿಲಿಗೆ. ಗೀರಪ್ಪ ಸುತ್ತ ಟೇಪು ಹಚ್ಚಿ, ನೀರು ಚಿಮುಕಿಸಿ ಉಜ್ಜತೊಡಗಿದ. ಹಿಂದೆ ಯಾರಾದರೂ ರಿಪೇರಿ ಮಾಡಿದ್ದರೆ ಉಜ್ಜಿದ ಹಾಗೆ ಪದರ ಬಿಡುತ್ತದೆ: ಮೇಲೆ ಹೊಸ ಬಣ್ಣ, ಕೆಳಗೆ ಪುಟ್ಟಿ, ಅದರ ಕೆಳಗೆ ಹಳೇ ಬಣ್ಣ. ಇಲ್ಲಿ ಕಂಪನಿಯ ತೆಳು ಬಣ್ಣ, ತೆಳು ಪ್ರೈಮರ್, ಆಮೇಲೆ ತಗಡು. ಮುಗಿಯಿತು. ಮುಂದಿನ ಬಾಗಿಲನ್ನು ಉಗುರಿನಿಂದ ತಟ್ಟಿದ. ಬಾಗಿಲಂಚಿನ ರಬ್ಬರಿನ ಸಂದಿಗೆ ಮೂಗು ತಾಗಿಸಿ ನೋಡಿದ. ಮತ್ತೆ ಬಣ್ಣ ಹೊಡೆದ ಬಾಗಿಲಾದರೆ ಅಲ್ಲಿ ಒಂದು ಹನಿಯಾದರೂ ಸಿಡಿದಿರಬೇಕು. ಏನೂ ಇಲ್ಲ.

"ಏನೋ, ಬಾಗಿಲಿಗೆ ಮುತ್ತು ಕೊಡ್ತಿದೀಯಾ?" ಲೀಡರ್ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದ.

"ಲೀಡರೇ, ಅವತ್ತಿನ ಗೀರು ಎಲ್ಲಿತ್ತು?"

"ಯಾವ ಗೀರು?"

"ನಾನು ಎಳೆದಿದ್ದು."

ಲೀಡರ್ ಕಾರನ್ನೊಮ್ಮೆ ನೋಡಿ, "ಆ ಕಡೆ... ಬಲಗಡೆ ಅಲ್ವೇನೋ?" ಅಂದ.

"ಎಡಗಡೆ. ಮುಂದಿನ ಬಾಗಿಲಿಂದ ಹಿಂದಿನ ದೀಪದವರೆಗೆ. ಸಹಿ ಹಾಕಿದ್ದು ನಾನು, ನಂಗೆ ಬಾಯಿಪಾಠ. ಇಲ್ಲಿ ರಿಪೇರಿ ಗುರುತೇ ಇಲ್ಲ."

"ಬಾಗಿಲೇ ಬದಲಾಯಿಸಿದ್ರೇನೋ."

"ಎರಡು ಬಾಗಿಲು, ಹಿಂದಿನ ಬಾಡಿ, ಎಲ್ಲಾನೂ? ಯಾರಿಗೆ ಹೇಳ್ತಿದೀಯ, ತರಕಾರಿ ಮಾರೋನಿಗಾ?"

ಲೀಡರ್ ನಗು ನಿಲ್ಲಿಸಿದ. "ಹಳೇ ಕಥೆ ಬಿಡೋ. ಮಾಲೀಕರಿಗೆ ಒಬ್ಬನ್ನ ಹೊರಗೆ ಹಾಕ್ಲೇಬೇಕಿತ್ತು. ನೀನು ಒಳ್ಳೆಯೋನು, ತಡ್ಕೋತೀಯ ಅಂತ..."

ಗೀರಪ್ಪ ಟೇಪು ಕಿತ್ತ. ತಗಡು ಕಾಣುತ್ತಿದ್ದ ಬಾಗಿಲನ್ನು ಹಾಗೇ ಬಿಟ್ಟು, ಗ್ಯಾರೇಜು ತೊರೆದ ಮೇಲೆ ನಾನು ಹಾಕಿಕೊಂಡಿದ್ದ ವೆಲ್ಡಿಂಗ್ ಶೆಡ್ಡಿಗೆ ಸೀದಾ ಬಂದ. ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದ.

"ಅಣ್ಣ, ಗೀರೇ ಇರ್ಲಿಲ್ಲ."

ನಾನು ಆಶ್ಚರ್ಯದ ನಾಟಕ ಆಡಬಹುದಿತ್ತು. ಆಡಲಿಲ್ಲ. ಆ ಕಾರಿಗೆ ಗೀರು ಬಿದ್ದಿದ್ದರೆ ಮೊದಲ ವಾರವೇ ಅದು ನಮ್ಮ ಗ್ಯಾರೇಜಿಗೆ, ನಮ್ಮ ಕೈಗೇ ಬರಬೇಕಿತ್ತು. ಬರಲಿಲ್ಲ. ಮಾಲೀಕ ದಿನಾ ಅದರಲ್ಲೇ ಬಂದಿಳಿಯುತ್ತಿದ್ದ, ಕಾರು ಕನ್ನಡಿಯಂತಿತ್ತು.

"ಗೊತ್ತಿತ್ತು" ಅಂದೆ.

"ನಿಂಗೊಬ್ಬನಿಗಾ?"

"ಎಲ್ರಿಗೂ."

ಬೀದಿಯಲ್ಲಿ ಗಂಟಲು ಹರಿಯುವಂತೆ ಒಗ್ಗಟ್ಟು ಎಂದು ಕೂಗಿದ್ದ ಬಾಯಿಗಳು, ಕೆಲಸ ವಾಪಸ್ ಸಿಕ್ಕ ಮೇಲೆ ಬುತ್ತಿ ಬಿಚ್ಚಿ ಉಣ್ಣುತ್ತಿದ್ದವು. ಉಣ್ಣುತ್ತಲೇ ಅವನಿಗೆ ಗೀರಪ್ಪ ಎಂದು ಹೆಸರಿಟ್ಟು ನಕ್ಕಿದ್ದವು. ಅದರಲ್ಲಿ ನನ್ನ ಬಾಯಿಯೂ ಒಂದು.

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಬಾ, ನನ್ನ ಹೆಂಡ್ತಿಗೆ ಹೇಳು. ನಾನು ಹೇಳಿದ್ರೆ ನಂಬಲ್ಲ" ಅಂದ. ಅವನಿಗೆ ಬೇಕಾಗಿದ್ದದ್ದು ಅಷ್ಟೇ, ಹೆಂಡತಿಯ ಕಣ್ಣಲ್ಲಿ ಆ ಮೊಳೆ ತನ್ನ ಕೈಯಿಂದ ಬಿದ್ದುಹೋಗಬೇಕು.

ಹೋದೆವು. ಅವಳು ಯಾರದೋ ಲಂಗದ ಅಂಚು ಹೊಲಿಯುತ್ತಿದ್ದಳು. "ನೋಡಮ್ಮ" ಎಂದು ಶುರು ಮಾಡಿ, ಗೋಡೆಯ ಮರೆಯಿಂದ ಹಿಡಿದು ನಮ್ಮ ಬುತ್ತಿಯ ತನಕ ಎಲ್ಲ ಹೇಳಿದೆ. ಮಿಷಿನ್ನು ನಿಂತಿತು. ನನ್ನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

"ಹದಿನಾಲ್ಕು ವರ್ಷ ನಾನು ಬೈದಾಗೆಲ್ಲ ಬಾಯಿ ಮುಚ್ಕೊಂಡು ಕೂತಿದ್ರಲ್ಲ" ಎಂದಳು ಗಂಡನಿಗೆ. "ಆ ಲೀಡರ್ ಹೊರಗಿನೋನು. ಇವರೆಲ್ಲ ಹೊರಗಿನೋರು. ಅವರು ಮೋಸ ಮಾಡಿದ್ರು, ಆಯ್ತು. ನನ್ನ ಹತ್ರ ಸುಳ್ಳು ಹೇಳಿದ್ದು ಯಾರ್ರೀ?"

ಗೀರಪ್ಪ ಹೊಸ್ತಿಲಲ್ಲೇ ನಿಂತಿದ್ದ. ಚಪ್ಪಲಿ ಬಿಟ್ಟು ಒಳಗೆ ಬರಲೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ.