ಕರಡಿಗೆ ಮಗ್ಗಿ ಹೇಳಿದ ಚಂದ್ರಮೌಳಿ

ಫ್ರೀಮಾಂಟಿನ ಆಫೀಸಿನಲ್ಲಿ ವರ್ಷಗಟ್ಟಲೆ ಕೋಡ್ ಬರೆದು ಬೇಸತ್ತಿದ್ದ ಚಂದ್ರಮೌಳಿ ಕೆಲಸ ಬಿಟ್ಟು, ಕರಡಿ ಬೇಟೆಯ ಶಿಬಿರಕ್ಕೆ ಅಡುಗೆಯವನಾಗಿ ಹೊರಟುಬಿಟ್ಟ. ಅವನ ಮನೆಯಿದ್ದದ್ದು ಹತ್ತಿರದ ಕರ್ಕ್‌ಲ್ಯಾಂಡಿನಲ್ಲಿ; ಪಕ್ಕದ ಮನೆಯ ಡೇಲ್, ಬೇಟೆಗಾರರನ್ನು ಅಲಾಸ್ಕದ ಉತ್ತರದ ತುದಿಗೆ ಕರೆದೊಯ್ಯುವ ಗೈಡ್. ಇವನ ಬಿಸಿಬೇಳೆಬಾತ್ ತಿಂದವನೇ, ನನ್ನ ಜೊತೆ ಬಂದುಬಿಡು ಎಂದಿದ್ದ. ಇರುವೆಯನ್ನೂ ತುಳಿಯದ ಚಂದ್ರಮೌಳಿ, ಬಂದೂಕು ಮಾತ್ರ ಮುಟ್ಟುವುದಿಲ್ಲವೆಂದು ಹೇಳಿಯೇ ಒಪ್ಪಿದ್ದ.

ಅಲ್ಲಿ ಮರವಿಲ್ಲ, ಮನೆಯಿಲ್ಲ, ಕಣ್ಣು ಹರಿದಷ್ಟೂ ಹಿಮ. ಒಂದು ಬೆಳಿಗ್ಗೆ ಡೇಲ್ ಬೇಟೆಗಾರರೊಡನೆ ಕರಡಿ ಹುಡುಕುತ್ತ ಗುಡ್ಡ ಹತ್ತಿದರೆ, ಕರಡಿ ನೆಟ್ಟಗೆ ಅಡುಗೆ ಡೇರೆಗೇ ಬಂತು! ಓಡಬೇಡ, ಗದ್ದಲ ಮಾಡು ಎಂದು ಡೇಲ್ ಹೇಳಿಕೊಟ್ಟಿದ್ದ. ಚಂದ್ರಮೌಳಿ ಸೌಟಿನಿಂದ ಬಾಣಲೆ ಬಡಿಯುತ್ತ ಕೂಗಲು ಬಾಯಿ ತೆರೆದರೆ ಹೊರಬಂದದ್ದು ಮಗ್ಗಿ.

"ಎರಡೊಂದ್ಲ ಎರಡು! ಎರಡೆರಡ್ಲ ನಾಕು!"

ಆ ಕಂದು ಗ್ರಿಜ್ಲಿ ಕರಡಿ ಹಿಂಗಾಲ ಮೇಲೆ ಎದ್ದು ನಿಂತು, ತಲೆ ವಾರೆ ಮಾಡಿ ಕೇಳಿತು. ಏಳರ ಮಗ್ಗಿಗೆ ಬರುವಷ್ಟರಲ್ಲಿ ಸಾಕಾಯಿತೋ ಏನೋ, ದಪ್ಪ ಅಂಡು ಕುಣಿಸುತ್ತ ಓಟ ಕಿತ್ತಿತು.

ಚಂದ್ರಮೌಳಿಗೆ ನಗು ಶುರುವಾಯಿತು. ನಗುತ್ತಲೇ ಸ್ಯಾಟಲೈಟ್ ಫೋನಿನಲ್ಲಿ ಹೆಂಡತಿ ಶಾಮಲಾಗೆ ಕಾಲ್ ಮಾಡಿದ.

"ಶಾಮಲಾ, ಮಗ್ಗಿ ಹೇಳಿ ಕರಡಿ ಓಡಿಸ್ದೆ ಕಣೇ!"

"ಅಯ್ಯೋ! ನಿಮಗೇನೂ ಆಗಿಲ್ಲ ತಾನೇ?"

"ಏನೂ ಇಲ್ಲ. ಏಳೆಂಟ್ಲ ಎಷ್ಟು ಅಂತ ಮರ್ತೋಯ್ತು. ಪುಣ್ಯಕ್ಕೆ ಅಷ್ಟ್ರಲ್ಲಿ ಅದು ಓಡೋಯ್ತು."

"ಐವತ್ತಾರು ರೀ!" ಎಂದು ಆಕೆಯೂ ನಗತೊಡಗಿದಳು.

ಸಂಜೆ ಬರಿಗೈಯಲ್ಲಿ ಮರಳಿದ ಬೇಟೆಗಾರರಿಗೆ ಚಂದ್ರಮೌಳಿ ಕೇಸರಿಬಾತ್ ಮಾಡಿ, ಎರಡೆರಡು ಸಲ ಬಡಿಸಿದ.